ಮಣಿಕಟ್ಟಿನ ಗಡಿಯಾರವೂ ಎದೆಯ ಬಡಿತವೂ

ಯಂತ್ರಗಳು ನಮ್ಮ ಇಂದ್ರಿಯಗಳಿಗೆ ನೆರವಾಗಬೇಕೇ ಹೊರತು ಅವುಗಳ ಸ್ಥಾನವನ್ನು ಆಕ್ರಮಿಸಬಾರದು ಎಂಬ ಮಾತು ಹಳೆಯದು. ನಾಡಿಯನ್ನು ಎಣಿಸುವ ಕಾರ್ಯದಲ್ಲಿ ಈ ಮಾತಿನ ಅರ್ಥ ಬಹು ಸ್ಪಷ್ಟವಾಗಿ ಕಾಣುತ್ತದೆ. ೧೭೦೭ರಲ್ಲಿ ಇಂಗ್ಲೆಂಡಿನ ವೈದ್ಯ ಸರ್ ಜಾನ್ ಫ್ಲಾಯರ್ ಎಂಬಾತನು, ನಿಮಿಷವನ್ನು ಅಳೆದು ನಾಡಿಯನ್ನು ಎಣಿಸಲು ಅನುವಾಗುವ ಗಡಿಯಾರವೊಂದನ್ನು ಮಾಡಿಸಿ, ಆ ಕುರಿತು ಗ್ರಂಥವನ್ನೇ ಪ್ರಕಟಿಸಿದನು. ಅಲ್ಲಿ ಮಿಡಿತವನ್ನು ಅರಿಯುತ್ತಿದ್ದುದು ವೈದ್ಯನ ಬೆರಳು. ಗಡಿಯಾರವು ಕಾಲವನ್ನು ಮಾತ್ರ ಹೇಳುತ್ತಿತ್ತು. ಇಂದಿನ ಕ್ರೀಡಾ ಗಡಿಯಾರವಾದರೋ ಬೆರಳಿನ ಕೆಲಸವನ್ನೂ ತಾನೇ ವಹಿಸಿಕೊಂಡಿದೆ. ಕಾಲವನ್ನೂ ಹೇಳುತ್ತದೆ, ಬಡಿತವನ್ನೂ ಎಣಿಸುತ್ತದೆ, ಸಾಲದುದಕ್ಕೆ ಸಲಹೆಯನ್ನೂ ಕೊಡುತ್ತದೆ.

ಇಂತಹ ಗಡಿಯಾರಗಳು ಈಗ ನಗರದ ಸಿರಿವಂತರ ಸೊತ್ತಾಗಿ ಉಳಿದಿಲ್ಲ. ಶಾಲೆಯ ಆಟದ ಬಯಲಿಗೂ ಅವು ಬಂದಿವೆ. ಮುಂಜಾನೆ ನಡೆಯಲು ಹೊರಡುವ ನಿವೃತ್ತರ ಕೈಯಲ್ಲೂ ಹೊಳೆಯುತ್ತಿವೆ. ಅವು ತೋರಿಸುವ ಅಂಕಿಯನ್ನು ಎಷ್ಟರ ಮಟ್ಟಿಗೆ ನಂಬಬೇಕು ಎಂಬ ಪ್ರಶ್ನೆ ಆದುದರಿಂದ ಶಿಕ್ಷಣದ ಪ್ರಶ್ನೆಯೂ ಆಗಿದೆ. ಕುಳಿತಿರುವಾಗ ಹಾಗೂ ಮಲಗಿರುವಾಗ ಆ ಅಂಕಿಯು ಬಹುಮಟ್ಟಿಗೆ ವಿಶ್ವಾಸಾರ್ಹ; ಬಿರುಸಾದ ವ್ಯಾಯಾಮದ ನಡುವೆ ಅದು ಒಂದು ಅಂದಾಜು ಮಾತ್ರ. ಅಂದಾಜನ್ನು ಆಧಾರವಾಗಿಟ್ಟುಕೊಂಡು ಒಂದು ಮಗುವಿನ ಶಕ್ತಿಯನ್ನಾಗಲಿ ದಣಿವನ್ನಾಗಲಿ ತೀರ್ಮಾನಿಸುವುದು ಯುಕ್ತವಲ್ಲವೆಂಬುದು ನನ್ನ ನಿಶ್ಚಿತ ಅಭಿಪ್ರಾಯ.

ಇದಕ್ಕೆ ಕಾರಣವು ಆ ಯಂತ್ರದ ರಚನೆಯಲ್ಲಿಯೇ ಇದೆ. ಗಡಿಯಾರದ ಹಿಂಬದಿಯಲ್ಲಿ ಮಿನುಗುವ ಹಸಿರು ದೀಪಗಳನ್ನು ಎಲ್ಲರೂ ಕಂಡಿರುತ್ತಾರೆ. ರಕ್ತವು ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಪ್ರತಿ ಬಡಿತದೊಡನೆ ಚರ್ಮದಡಿಯ ಸೂಕ್ಷ್ಮನಾಳಗಳಲ್ಲಿ ರಕ್ತವು ತುಸು ಹೆಚ್ಚುವುದರಿಂದ ಮರಳಿ ಬರುವ ಬೆಳಕು ತುಸು ತಗ್ಗುತ್ತದೆ. ಈ ಏರಿಳಿತವನ್ನು ಗ್ರಹಿಸಿ, ಗಣಿತದ ಸೂತ್ರಗಳಿಂದ ಶೋಧಿಸಿ, ಯಂತ್ರವು ಒಂದು ಸಂಖ್ಯೆಯನ್ನು ಮುಂದಿಡುತ್ತದೆ. ತತ್ತ್ವವು ಹೊಸದಲ್ಲ; ೧೯೩೦ರ ದಶಕದಲ್ಲಿಯೇ ಅಮೆರಿಕದ ಆಲ್ರಿಕ್ ಹರ್ಟ್ಸ್‌ಮನ್ ಇದನ್ನು ಪ್ರಯೋಗಿಸಿದ್ದನು.

ಎದೆಗೆ ಬಿಗಿಯುವ ಪಟ್ಟಿಯ ರೀತಿ ಬೇರೆ. ಹೃದಯವು ಸಂಕುಚಿಸುವ ಮುನ್ನ ಅದರಲ್ಲಿ ಹರಿಯುವ ವಿದ್ಯುತ್ತನ್ನೇ ಅದು ಹಿಡಿಯುತ್ತದೆ. ಹಾಲೆಂಡಿನ ವಿಲ್ಲೆಮ್ ಐಂಥೋವನ್‌ನಿಗೆ ೧೯೨೪ರಲ್ಲಿ ನೊಬೆಲ್ ಪಾರಿತೋಷಕವನ್ನು ತಂದ ಹೃದ್ವಿದ್ಯುಲ್ಲೇಖನದ ವಿಧಾನ ಇದೇ. ಫಿನ್ಲೆಂಡಿನ ಪೋಲಾರ್ ಸಂಸ್ಥೆಯು ೧೯೮೦ರ ದಶಕದಲ್ಲಿ ಇದನ್ನು ಕ್ರೀಡಾಪಟುಗಳ ಕೈಗೆಟುಕುವಂತೆ ಮಾಡಿತು. ಎದೆಪಟ್ಟಿ ಕೇಳುವುದು ಮೂಲದ ಧ್ವನಿಯನ್ನು. ಮಣಿಕಟ್ಟು ಕೇಳುವುದು ದೂರದ ಪ್ರತಿಧ್ವನಿಯನ್ನು.

ಪ್ರತಿಧ್ವನಿಯು ಗದ್ದಲದಲ್ಲಿ ಕಲಸಿಹೋಗುವುದು ಸಹಜ. ಓಡುವಾಗ ಕೈ ಬೀಸಿದಂತೆಲ್ಲ ಗಡಿಯಾರವು ಚರ್ಮದ ಮೇಲೆ ಅಲುಗುತ್ತದೆ, ಹೊರಗಿನ ಬೆಳಕು ಒಳನುಸುಳುತ್ತದೆ. ಓಟಗಾರನು ನಿಮಿಷಕ್ಕೆ ೧೬೦–೧೭೦ ಹೆಜ್ಜೆಗಳನ್ನು ಇಡುತ್ತಿದ್ದರೆ, ಆ ಹೆಜ್ಜೆಗಳ ಲಯವನ್ನೇ ಹೃದಯದ ಲಯವೆಂದು ಯಂತ್ರವು ಭ್ರಮಿಸುವುದುಂಟು. ಭಾರ ಎತ್ತುವಾಗ ಮುಷ್ಟಿಯ ಬಿಗಿತದಿಂದ ಮಣಿಕಟ್ಟಿನ ರಕ್ತಸಂಚಾರ ವ್ಯತ್ಯಾಸಗೊಳ್ಳುತ್ತದೆ. ಚಳಿಯಲ್ಲಿ ಚರ್ಮದ ನಾಳಗಳು ಕುಗ್ಗುತ್ತವೆ. ಹಚ್ಚೆಯ ಬಣ್ಣವು ಬೆಳಕನ್ನು ತಡೆಯುತ್ತದೆ. ಥಟ್ಟನೆ ಓಡಿ ಥಟ್ಟನೆ ನಿಲ್ಲುವ ಕಬಡ್ಡಿ, ಖೊ–ಖೊಗಳಂತಹ ಆಟಗಳಲ್ಲಿ ಬಡಿತದ ಏರಿಳಿತವನ್ನು ಗಡಿಯಾರವು ಹಲವು ಕ್ಷಣ ತಡವಾಗಿ ಹಿಂಬಾಲಿಸುತ್ತದೆ.

ಇವು ಬರಿಯ ತರ್ಕದ ಮಾತುಗಳಲ್ಲ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ವೈದ್ಯರು ೫೦ ಮಂದಿ ಆರೋಗ್ಯವಂತರ ಮೇಲೆ ನಡೆಸಿ, ೨೦೧೬ರ ಕೊನೆಯಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಎದೆಪಟ್ಟಿಯ ಎಣಿಕೆಯು ಹೃದ್ವಿದ್ಯುಲ್ಲೇಖದೊಡನೆ ೦.೯೯ರಷ್ಟು ಹೊಂದಿಕೆಯಾಯಿತು, ನಾಲ್ಕು ಮಣಿಕಟ್ಟಿನ ಸಾಧನಗಳ ಹೊಂದಿಕೆ ೦.೮೩ರಿಂದ ೦.೯೧ರವರೆಗೆ ಇತ್ತು. ಇಲ್ಲಿ ೧ ಎಂಬುದು ಪೂರ್ಣ ಹೊಂದಿಕೆ. ೨೦೧೭ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು ೬೦ ಜನರ ಮೇಲೆ ಏಳು ಸಾಧನಗಳನ್ನು ಪರೀಕ್ಷಿಸಿದಾಗ, ಆರು ಸಾಧನಗಳ ಹೃದಯಬಡಿತದ ದೋಷವು ಶೇಕಡಾ ೫ರೊಳಗೇ ಇದ್ದಿತು. ಆದರೆ ವ್ಯಯವಾದ ಶಕ್ತಿಯ, ಎಂದರೆ ಕ್ಯಾಲೊರಿಯ, ಲೆಕ್ಕದಲ್ಲಿ ಅತ್ಯುತ್ತಮವಾದುದೂ ಶೇಕಡಾ ೨೭ರಷ್ಟು ತಪ್ಪಿತ್ತು. ಗಡಿಯಾರದ ಕ್ಯಾಲೊರಿಯನ್ನು ನೋಡಿ ಊಟವನ್ನು ನಿರ್ಧರಿಸುವವರು ಇದನ್ನು ಗಮನಿಸಬೇಕು. ಕಪ್ಪು ಮೈಬಣ್ಣದವರಲ್ಲಿ ದೋಷ ಹೆಚ್ಚೆಂದು ಈ ಪರೀಕ್ಷೆ ಕಂಡರೆ, ೨೦೨೦ರಲ್ಲಿ ಡ್ಯೂಕ್ ವಿಶ್ವವಿದ್ಯಾನಿಲಯದವರು ೫೩ ಜನರಲ್ಲಿ ಅಂತಹ ಗಣನೀಯ ವ್ಯತ್ಯಾಸವನ್ನು ಕಾಣಲಿಲ್ಲ. ಆದರೆ ವಿಶ್ರಾಂತಿಗಿಂತ ಚಟುವಟಿಕೆಯಲ್ಲಿ ದೋಷವು ಸರಾಸರಿ ಶೇಕಡಾ ೩೦ರಷ್ಟು ಅಧಿಕವೆಂದು ಅವರೂ ಹೇಳಿದರು.

ಹಾಗೆಂದು ಈ ಸಾಧನವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆ ಪರೀಕ್ಷೆಗಳ ಕಾಲಕ್ಕಿಂತ ಇಂದಿನ ಗಡಿಯಾರಗಳು ಸುಧಾರಿಸಿವೆ. ೨೦೧೯ರಲ್ಲಿ ಪ್ರಕಟವಾದ, ನಾಲ್ಕು ಲಕ್ಷಕ್ಕೂ ಮೀರಿದ ಜನರು ಭಾಗವಹಿಸಿದ ಅಧ್ಯಯನವೊಂದರಲ್ಲಿ, ನಾಡಿಯ ಲಯ ತಪ್ಪಿದೆಯೆಂದು ಗಡಿಯಾರದಿಂದ ಎಚ್ಚರಿಕೆ ಪಡೆದು, ಬಳಿಕ ಹೃದ್ವಿದ್ಯುತ್ ಪರೀಕ್ಷೆಯ ಪಟ್ಟಿ ಧರಿಸಿ ಮರಳಿಸಿದವರಲ್ಲಿ ಶೇಕಡಾ ೩೪ ಮಂದಿಗೆ ಹೃತ್ಕರ್ಣದ ಕಂಪನವೆಂಬ ವ್ಯಾಧಿಯಿರುವುದು ಕಂಡುಬಂದಿತು. ಇದು ದೊಡ್ಡ ಉಪಕಾರವೇ ಸರಿ. ಆದರೆ ಅದೂ ದೇಹವು ನಿಶ್ಚಲವಾಗಿರುವಾಗ ದೊರೆತ ಮಾಹಿತಿ ಎಂಬುದನ್ನು ಮರೆಯಲಾಗದು.

ಅಂಕಿಗಿಂತಲೂ ಅದರ ಮೇಲೆ ಕಟ್ಟುವ ತೀರ್ಮಾನವೇ ಹೆಚ್ಚು ಅಪಾಯಕರ. ಗರಿಷ್ಠ ಬಡಿತವನ್ನು ತಿಳಿಯಲು ೨೨೦ರಿಂದ ವಯಸ್ಸನ್ನು ಕಳೆಯುವ ಸೂತ್ರವು ಪ್ರಸಿದ್ಧವಾಗಿದೆ. ೨೦೦೧ರಲ್ಲಿ ಸೂಚಿತವಾದ ಇನ್ನೊಂದು ಸೂತ್ರವು ವಯಸ್ಸಿನ ಹತ್ತರಲ್ಲಿ ಏಳು ಭಾಗವನ್ನು ೨೦೮ರಿಂದ ಕಳೆಯುತ್ತದೆ. ೬೦ ವರ್ಷದವರಿಗೆ ಮೊದಲನೆಯದು ೧೬೦ ಎಂದರೆ ಎರಡನೆಯದು ೧೬೬ ಎನ್ನುತ್ತದೆ. ಒಂದೇ ವಯಸ್ಸಿನ ಇಬ್ಬರ ನಡುವೆಯಾದರೋ ಹತ್ತಾರು ಬಡಿತಗಳ ಅಂತರವಿರಬಹುದು. ಮಣಿಕಟ್ಟಿನ ಒಂದು ಅಂದಾಜನ್ನು ಸೂತ್ರದ ಇನ್ನೊಂದು ಅಂದಾಜಿನಿಂದ ಭಾಗಿಸಿ, ಬಂದ ಫಲವನ್ನು ನೋಡಿ ‘ನಿನ್ನಲ್ಲಿ ಇನ್ನೂ ಶಕ್ತಿಯಿದೆ, ಓಡು’ ಎಂದು ದಣಿದ ಬಾಲಕನಿಗೆ ಹೇಳುವುದು ವಿಜ್ಞಾನವಾಗದು.

ಹಾಗಾದರೆ ಶಾಲೆಗಳು ಮಾಡಬೇಕಾದುದೇನು? ಮೊದಲನೆಯದಾಗಿ, ಪ್ರತಿಯೊಬ್ಬ ವಿದ್ಯಾರ್ಥಿಗೂ ಹೆಬ್ಬೆರಳಿನ ಬುಡದ ನಾಡಿಯನ್ನು ಎರಡು ಬೆರಳುಗಳಿಂದ ಗುರುತಿಸಿ, ೧೫ ಸೆಕೆಂಡು ಎಣಿಸಿ, ನಾಲ್ಕರಿಂದ ಗುಣಿಸುವುದನ್ನು ಕಲಿಸಬೇಕು. ಇದಕ್ಕೆ ಸೆಕೆಂಡಿನ ಮುಳ್ಳುಳ್ಳ ಗೋಡೆಗಡಿಯಾರವೊಂದು ಸಾಕು. ಓಟ ನಿಲ್ಲುತ್ತಲೇ ಎಣಿಸಬೇಕು. ತಡಮಾಡಿದರೆ ಬಡಿತ ಬೇಗನೆ ಇಳಿಯುತ್ತದೆ. ಎರಡನೆಯದಾಗಿ, ಗಡಿಯಾರವನ್ನು ಪ್ರಯೋಗದ ವಸ್ತುವಾಗಿ ಬಳಸಬಹುದು. ಬೆರಳಿನ ಎಣಿಕೆಗೂ ಗಡಿಯಾರದ ಅಂಕಿಗೂ ಹೋಲಿಕೆ ಮಾಡಿ, ಎಲ್ಲಿ ಕೂಡುತ್ತವೆ, ಎಲ್ಲಿ ಅಗಲುತ್ತವೆ ಎಂಬುದನ್ನು ಮಕ್ಕಳೇ ಬರೆದಿಡಲಿ. ಅಳತೆಯಲ್ಲಿ ದೋಷವೆಂಬುದು ಇದ್ದೇ ಇರುತ್ತದೆಂಬ ಪಾಠವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಪ್ರಯೋಗ ವಿರಳ. ಮೂರನೆಯದಾಗಿ, ಕ್ರೀಡಾ ತರಬೇತಿಗೆ ನೆರವು ನೀಡಬಯಸುವ ದಾನಿಗಳು ಹಲವು ಕೈಗಡಿಯಾರಗಳಿಗೆ ಬದಲಾಗಿ ಕೆಲವೇ ಎದೆಪಟ್ಟಿಗಳನ್ನು ಕೊಟ್ಟರೆ ಆ ದ್ರವ್ಯವು ಹೆಚ್ಚು ಸಾರ್ಥಕವಾದೀತು.

ಎಲ್ಲಕ್ಕೂ ಮಿಗಿಲಾಗಿ, ಶಿಕ್ಷಕರ ಕಣ್ಣು ಮಗುವಿನ ಮುಖದ ಮೇಲಿರಲಿ. ಓಡುತ್ತ ಒಂದೆರಡು ಮಾತನಾಡಲು ಸಾಧ್ಯವೇ, ಉಸಿರು ಹೇಗಿದೆ, ತುಟಿಯ ಬಣ್ಣ ಹೇಗಿದೆ ಎಂಬುದನ್ನು ಯಂತ್ರವು ಹೇಳದು. ತಲೆಸುತ್ತೆಂದೋ ಎದೆನೋವೆಂದೋ ಮಗು ಹೇಳಿದರೆ, ಗಡಿಯಾರದ ಅಂಕಿ ಏನೇ ಇರಲಿ, ಆಟವನ್ನು ಅಲ್ಲಿಗೇ ನಿಲ್ಲಿಸಿ ವೈದ್ಯರ ಬಳಿಗೆ ಕರೆದೊಯ್ಯಬೇಕು. ನಡುವಯಸ್ಸು ದಾಟಿದ ಹಳೆಯ ವಿದ್ಯಾರ್ಥಿ ಮಿತ್ರರಿಗೂ ಇದೇ ವಿಜ್ಞಾಪನೆ. ಹೃದಯಾಘಾತವನ್ನು ತನ್ನ ಗಡಿಯಾರವು ಪತ್ತೆಹಚ್ಚಲಾರದೆಂದು ಆ್ಯಪಲ್ ಸಂಸ್ಥೆಯೇ ತಿಳಿಸಿದೆ. ಎದೆಯಲ್ಲಿ ನೋವು ಕಾಣಿಸಿದಾಗ ಮಣಿಕಟ್ಟಿನಲ್ಲಿ ೭೨ ಎಂಬ ಅಂಕಿಯನ್ನು ಕಂಡು ಸಮಾಧಾನಪಟ್ಟು ಮನೆಯಲ್ಲಿ ಉಳಿಯುವುದು ಪ್ರಾಣಕ್ಕೇ ಎರವಾದೀತು. ಬರುವ ವರ್ಷದ ವ್ಯಾಯಾಮ ಶಿಕ್ಷಣದ ಕಾರ್ಯಕ್ರಮದಲ್ಲಿ ನಾಡಿಗಣನೆಗೆ ಒಂದು ಅವಧಿಯನ್ನಾದರೂ ಮೀಸಲಿಡುವ ವಿಚಾರವನ್ನು ಶಿಕ್ಷಕರೂ ಹಿತೈಷಿಗಳೂ ಕೈಗೆತ್ತಿಕೊಳ್ಳುವರೆಂದು ಆಶಿಸುತ್ತೇನೆ.