ಅನುಕರಣವೂ ಪ್ರತಿಭೆಯೂ

ಪ್ರತಿಭೆಯೆಂಬುದು ಜನ್ಮಾಂತರದ ಸಂಸ್ಕಾರ, ಇದ್ದವರಿಗುಂಟು ಇಲ್ಲದವರಿಗಿಲ್ಲ ಎಂದು ಕೈಚೆಲ್ಲಿ ಕೂರುವವರದು ಒಂದು ಪಕ್ಷ. ಕಟ್ಟುಗಳನ್ನೆಲ್ಲ ಕಳಚಿ ಮನಸ್ಸನ್ನು ಬೇಕಾದತ್ತ ಹರಿಯಗೊಟ್ಟರೆ ಯಾರು ಬೇಕಾದರೂ ಸೃಷ್ಟಿಕರ್ತರಾದಾರೆಂಬ ಭರವಸೆಯನ್ನು ಮೂರು ದಿನದ ಶಿಬಿರಗಳಲ್ಲಿ ಹಂಚುವವರದು ಇನ್ನೊಂದು ಪಕ್ಷ. ಈ ಉಭಯರಿಗಿಂತ ‘ಕಾವ್ಯಪ್ರಕಾಶ’ದ ಮಮ್ಮಟನೇ ಹೆಚ್ಚು ವಿವೇಕಿಯೆಂದು ನನಗೆ ತೋರುತ್ತದೆ. ಹುಟ್ಟಿನಿಂದ ಬಂದ ಶಕ್ತಿ, ಲೋಕವನ್ನೂ ಶಾಸ್ತ್ರಕಾವ್ಯಾದಿಗಳನ್ನೂ ಅವಲೋಕಿಸಿ ಗಳಿಸಿದ ನಿಪುಣತೆ, ಬಲ್ಲವರ ಶಿಕ್ಷಣದಲ್ಲಿ ನಡೆಸಿದ ಅಭ್ಯಾಸ, ಈ ಮೂರೂ ಕೂಡಿಯೇ ಕಾವ್ಯಕ್ಕೆ ಒಂದು ಕಾರಣವಾಗುತ್ತವೆಂದು ಆತನ ಮತ. ಮೊದಲನೆಯದು ನಮ್ಮ ಕೈಯಲ್ಲಿಲ್ಲ. ಉಳಿದೆರಡನ್ನು ಬೆಳೆಸಲು ನಾನು ಬಲ್ಲ ಅತ್ಯಂತ ಫಲಪ್ರದವಾದ ಮಾರ್ಗವೆಂದರೆ ಇಂದು ನಾವು ಕೀಳೆಂದು ಎಣಿಸುವ ಅನುಕರಣವೇ.

ಬಿ.ಎಂ. ಶ್ರೀಕಂಠಯ್ಯನವರು 1926ರಲ್ಲಿ ಹೊರತಂದ ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ಇದ್ದುದು ಬಹುಮಟ್ಟಿಗೆ ಷೆಲ್ಲಿ, ಬರ್ನ್ಸ್, ವರ್ಡ್ಸ್‌ವರ್ತ್ ಮೊದಲಾದವರ ಪದ್ಯಗಳ ರೂಪಾಂತರ. ಸ್ವತಂತ್ರ ರಚನೆಗಳು ಬೆರಳೆಣಿಕೆಯವು. ಆದರೂ ಹೊಸಗನ್ನಡ ಕವಿತೆಯ ಚರಿತ್ರೆಯನ್ನು ಹೇಳಹೊರಟವರು ಆ ಪುಸ್ತಕವನ್ನು ಬಿಟ್ಟು ಮುಂದೆ ಹೋಗಲಾರರು. ಪರಭಾಷೆಯ ಗೀತದ ಲಯವನ್ನು ಕನ್ನಡದ ಕಿವಿಗೆ ಒಗ್ಗಿಸಲು ತೊಡಗಿದ ಅವರಿಗೆ ಕಂದ, ವೃತ್ತ, ಷಟ್ಪದಿಗಳು ಸಾಲದಾದುವು, ಆದಿಪ್ರಾಸವು ಅಡ್ಡವಾಯಿತು. ಆಗ ಮೂರು, ನಾಲ್ಕು, ಐದು ಮಾತ್ರೆಗಳ ಗಣಗಳನ್ನು ನಾನಾ ಬಗೆಯಲ್ಲಿ ಜೋಡಿಸಿ, ಸಾಲುಗಳನ್ನು ಹಿಗ್ಗಿಸಿ ಕುಗ್ಗಿಸಿ, ಅಂತ್ಯಪ್ರಾಸದ ಹೊಸ ಹೆಣಿಗೆಗಳನ್ನು ಅವರು ಕಂಡುಕೊಂಡರು. ಒಂದು ಕಟ್ಟನ್ನು ಬಿಚ್ಚಿದ ಕೈ ತಾನೇ ಮತ್ತೊಂದನ್ನು ಬಿಗಿದುಕೊಂಡಿತು. ಸ್ವೇಚ್ಛೆಯಾಗಿ ಬರೆಯಕುಳಿತಿದ್ದರೆ ಈ ಛಂದೋರೂಪಗಳು ಅವರಿಗೆ ಬೇಕಾಗುತ್ತಲೇ ಇರಲಿಲ್ಲವೇನೋ. ಅನ್ಯರ ಭಾವಕ್ಕೆ ನಿಷ್ಠರಾಗಿರಬೇಕೆಂಬ ನಿರ್ಬಂಧವೇ ಅವನ್ನು ಹೊರಡಿಸಿತು. ರನ್ನನ ಕಾವ್ಯವನ್ನು ಗ್ರೀಕ್ ರುದ್ರನಾಟಕದ ಎರಕಕ್ಕೆ ಹೊಯ್ದು ‘ಗದಾಯುದ್ಧ ನಾಟಕಂ’ ರಚಿಸಿದಾಗಲೂ, ಸೊಫೊಕ್ಲಿಸನ ಏಜಾಕ್ಸನ ದುರಂತವನ್ನು ದ್ರೋಣಪುತ್ರನಲ್ಲಿ ಕಂಡು 1929ರಲ್ಲಿ ‘ಅಶ್ವತ್ಥಾಮನ್’ ಬರೆದಾಗಲೂ ಅವರು ನಡೆಸಿದ ಸಾಹಸ ಇದೇ. ಈ ಎರಡನೆಯ ನಾಟಕದಲ್ಲಿ ಅನುವಾದ ಎಲ್ಲಿ ಮುಗಿದು ಸೃಷ್ಟಿ ಎಲ್ಲಿ ತೊಡಗಿತೆಂದು ಗೆರೆ ಎಳೆಯಬಲ್ಲ ವಿಮರ್ಶಕರನ್ನು ನಾನಂತೂ ಕಂಡಿಲ್ಲ.

ವಿರಾಮದಲ್ಲಿಯೇ ಹೊಸ ಯೋಚನೆಗಳು ಹೊಳೆಯುತ್ತವೆನ್ನುವವರು ಫ್ರೆಂಚ್ ಗಣಿತಜ್ಞ ಪ್ವಾಂಕರೆಯ ಪ್ರಸಂಗವನ್ನು ಎತ್ತುವುದುಂಟು: ವಿಹಾರಕ್ಕೆಂದು ಹೊರಟು ಕೂತಾಂಸ್ ಎಂಬ ಊರಿನಲ್ಲಿ ಬಂಡಿಯ ಮೆಟ್ಟಿಲ ಮೇಲೆ ಕಾಲಿಟ್ಟ ಕ್ಷಣದಲ್ಲಿ, ತಾನು ಕಂಡುಹಿಡಿದಿದ್ದ ಫಲನಗಳಿಗೂ ಯೂಕ್ಲಿಡೇತರ ಜ್ಯಾಮಿತಿಗೂ ಇರುವ ಸಂಬಂಧ ಅವನಿಗೆ ಗೋಚರಿಸಿತೆಂದು. ನಿಜವೇ. ಆದರೆ ಅದಕ್ಕೂ ಮೊದಲು ಹದಿನೈದು ದಿನ ಪ್ರತಿನಿತ್ಯವೂ ಮೇಜಿನ ಮುಂದೆ ಕುಳಿತು, ಅಂಥ ಫಲನಗಳು ಇರಲಾರವೆಂದೇ ಸಾಧಿಸಲು ಹೆಣಗಿದುದನ್ನೂ ಅವನೇ ಬರೆದಿಟ್ಟಿದ್ದಾನೆ. ಆ ಭಾಗವನ್ನು ಹೇಳುವವರು ವಿರಳ. ಬಂಡಿ ಏರಿದವರಿಗೆಲ್ಲ ಜ್ಯಾಮಿತಿ ಹೊಳೆಯುವುದಿಲ್ಲವಷ್ಟೆ!

ಆದುದರಿಂದ ನಮ್ಮ ಪ್ರೌಢಶಾಲೆಗಳಲ್ಲಿ, ಸ್ವಂತ ಕಲ್ಪನೆಯಿಂದ ಬರೆಯಿರೆಂದು ಖಾಲಿ ಹಾಳೆಯನ್ನು ಮುಂದಿಟ್ಟು ಮಕ್ಕಳನ್ನು ಬೆದರಿಸುವುದಕ್ಕೆ ಬದಲಾಗಿ, ಕುಮಾರವ್ಯಾಸನ ಒಂದು ಪ್ರಸಂಗವನ್ನು ಸಂಭಾಷಣೆಗೆ ಇಳಿಸುವ, ಒಂದು ವಚನದ ಭಾವವನ್ನು ಷಟ್ಪದಿಗೆ ಏರಿಸುವ, ಅಜ್ಜಿಯ ಕಥೆಯನ್ನು ಅದರೊಳಗಿನ ರಾಕ್ಷಸನ ಬಾಯಿಂದ ಹೇಳಿಸುವ ಕೆಲಸವನ್ನು ಕೊಡಬೇಕೆಂದು ನನ್ನ ಅಭಿಪ್ರಾಯ. ಷಟ್ಪದಿಗಳು ಕುಂಟುವುವು, ತಿದ್ದುವ ಉಪಾಧ್ಯಾಯರಿಗೆ ಶ್ರಮ ಹೆಚ್ಚುವುದು, ಅನುಕರಣದಲ್ಲಿಯೇ ನಿಂತುಬಿಡುವವರೂ ಕೆಲವರಿರುವರು. ಇರಲಿ, ಅವರು ಕಡೆಗೆ ಒಳ್ಳೆಯ ಓದುಗರಾದರೂ ಆಗುವರು. ವಾರಕ್ಕೆ ಒಂದು ಗಂಟೆಯನ್ನು ಇದಕ್ಕೆಂದು ಮೀಸಲಿಡುವುದು ಯಾವ ಶಾಲೆಯ ವೇಳಾಪಟ್ಟಿಗೂ ಭಾರವಾಗಲಾರದು.