ಫ್ರಿಜ್ ಅವರದು, ಕರೆಂಟ್ ಬಿಲ್ ನಿಮ್ಮದು

ಸಂಜೆ ಏಳು ಗಂಟೆ. ಬಸ್‌ಸ್ಟ್ಯಾಂಡ್ ಪಕ್ಕದ ಕಿರಾಣಿ ಅಂಗಡಿ. ಗಲ್ಲಾಪೆಟ್ಟಿಗೆ ಮೇಲೆ ಒಂದೇ ಒಂದು ಎಲ್‌ಇಡಿ ಬಲ್ಬ್. ಗಿರಾಕಿ ಇಲ್ಲದಾಗ ಅದನ್ನೂ ಆರಿಸಿರುತ್ತಾರೆ. "ಯಾಕಣ್ಣ, ಕತ್ತಲಲ್ಲಿ ಕೂತಿದ್ದೀರಾ?" ಅಂದರೆ, "ಬಿಲ್ ಜಾಸ್ತಿ ಬರ್ತಿದೆ ಕಣಪ್ಪ" ಅನ್ನುತ್ತಾರೆ. ಅವರ ಬೆನ್ನ ಹಿಂದೆ ಆಳೆತ್ತರದ ಗಾಜಿನ ಬಾಗಿಲಿನ ಫ್ರಿಜ್, ತಂಪು ಪಾನೀಯ ಕಂಪನಿಯ ಹೆಸರು ಹೊತ್ತುಕೊಂಡು, ಮದುವೆ ಮನೆಯ ಹಾಗೆ ಝಗಮಗಿಸುತ್ತಿರುತ್ತದೆ.

ಬಲ್ಬಿನ ಲೆಕ್ಕ ಮೊದಲು ನೋಡಿ. 9 ವ್ಯಾಟ್ ಬಲ್ಬ್ ದಿನಕ್ಕೆ 5 ಗಂಟೆ ಉರಿದರೆ ತಿಂಗಳಿಗೆ ಒಂದೂವರೆ ಯೂನಿಟ್ ಕೂಡ ಆಗಲ್ಲ. ಯೂನಿಟ್‌ಗೆ 8 ರೂಪಾಯಿ ಹಿಡಿದರೂ 11 ರೂಪಾಯಿ. ತಿಂಗಳಿಡೀ ಕತ್ತಲಲ್ಲಿ ಕೂತರೆ ಉಳಿಯುವುದು ಅಷ್ಟೇ. ಒಂದು ಟೀ ದುಡ್ಡು.

ಫ್ರಿಜ್ ಹಾಗಲ್ಲ. ಅದಕ್ಕೆ ಭಾನುವಾರ ಇಲ್ಲ, ರಾತ್ರಿ ಇಲ್ಲ. ನೀವು ಬಾಗಿಲು ಹಾಕಿ ಮನೆಗೆ ಹೋದಮೇಲೂ ಅದು ದುಡಿಯುತ್ತದೆ. ಯಾರಿಗಾಗಿ?

"ಪುಕ್ಕಟೆ ಕೊಟ್ಟಿದ್ದಾರೆ" ಅನ್ನುತ್ತೀರಿ. ಕೆಲವರು ಡಿಪಾಸಿಟ್ ಕೂಡ ಕಟ್ಟಿರುತ್ತೀರಿ. ಫ್ರಿಜ್ ಕಂಪನಿಯ ಸ್ವತ್ತು. ಅದರ ಮೇಲಿನ ಜಾಹೀರಾತು ಕಂಪನಿಯದು. ಒಳಗೆ ಅವರ ಬಾಟಲಿ ಮಾತ್ರ ಇಡಬೇಕು ಅನ್ನುವ ಕರಾರು ಸಾಮಾನ್ಯ. ಜಾಗ ನಿಮ್ಮದು, ಕರೆಂಟ್ ನಿಮ್ಮದು. ಊರಿನ ಗೋಡೆ ಮೇಲೆ ಬಣ್ಣದಲ್ಲಿ ಜಾಹೀರಾತು ಬರೆಸಿದರೂ ಗೋಡೆ ಯಜಮಾನ ನಾಲ್ಕು ಕಾಸು ಕೇಳುತ್ತಾನೆ. ಇಲ್ಲಿ ದೀಪ ಹಾಕಿದ ಜಾಹೀರಾತಿಗೆ ನೀವೇ ದುಡ್ಡು ಕೊಡುತ್ತಿದ್ದೀರಿ.

ಎಷ್ಟು ಕೊಡುತ್ತಿದ್ದೀರಿ ಅಂತ ನನ್ನ ಮಾತು ನಂಬಬೇಡಿ, ನೀವೇ ಅಳೆಯಿರಿ. ರಾತ್ರಿ ಅಂಗಡಿ ಮುಚ್ಚುವಾಗ ಫ್ರಿಜ್ ಬಿಟ್ಟು ಉಳಿದದ್ದೆಲ್ಲ ಆರಿಸಿ. ಮೀಟರ್ ರೀಡಿಂಗ್‌ನ ಫೋಟೋ ತೆಗೆಯಿರಿ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಮತ್ತೊಂದು ಫೋಟೋ. 8 ಗಂಟೆಯಲ್ಲಿ 1 ಯೂನಿಟ್ ಓಡಿದ್ದರೆ ದಿನಕ್ಕೆ 3 ಯೂನಿಟ್ ಆಯಿತು. ಹಗಲು ಸೆಕೆ, ಬಾಗಿಲು ಮೇಲಿಂದ ಮೇಲೆ ತೆರೆಯುತ್ತದೆ, ಬಿಸಿ ಬಾಟಲಿ ತುಂಬುತ್ತೀರಿ. ಅದಕ್ಕೆ 4 ಅಂತ ಹಿಡಿಯೋಣ.

ತಿಂಗಳಿಗೆ 120 ಯೂನಿಟ್. 8 ರೂಪಾಯಿಯಂತೆ 960 ರೂಪಾಯಿ. ನಿಮ್ಮ ಬಿಲ್‌ನಲ್ಲಿರುವ ದರ ಹಾಕಿ ನೀವೇ ಗುಣಿಸಿಕೊಳ್ಳಿ. ಒಂದು ಬಾಟಲಿಗೆ ನಿಮಗೆ ಉಳಿಯುವುದು 2 ರೂಪಾಯಿ ಆದರೆ, ಬರೀ ಕರೆಂಟ್ ಬಿಲ್ ತೀರಿಸಲು 480 ಬಾಟಲಿ ಮಾರಬೇಕು. ದಿನಕ್ಕೆ 16. ಹದಿನೇಳನೇ ಬಾಟಲಿಯಿಂದ ನಿಮ್ಮ ಲಾಭ ಶುರು. ಏಪ್ರಿಲ್‌ನಲ್ಲಿ ಸರಿ, ಜಾತ್ರೆ ದಿನ ಸರಿ. ಆಷಾಢದ ಜಡಿಮಳೆಯಲ್ಲಿ ದಿನಕ್ಕೆ 16 ಜನ ತಣ್ಣಗಿನ ಬಾಟಲಿ ಕೇಳುತ್ತಾರಾ?

"ಫ್ರಿಜ್ ಇದ್ದರೆ ಗಿರಾಕಿ ಬರ್ತಾರೆ" ಅನ್ನುವುದು ಸುಳ್ಳಲ್ಲ. ತಂಪಿಗೆ ಬಂದವರು ಬಿಸ್ಕತ್ತೂ ಒಯ್ಯುತ್ತಾರೆ. ಆದರೆ ಹಾಗೆ ಬರುವವರು ಎಷ್ಟು ಜನ, ಯಾವ ತಿಂಗಳು ಅಂತ ಬರೆದಿಟ್ಟಿದ್ದೀರಾ? ಸಾಲದ ಪುಸ್ತಕದಲ್ಲಿ 5 ರೂಪಾಯಿ ಬಿಡದೆ ಬರೆಯುವವರು ಈ ಲೆಕ್ಕ ಮಾತ್ರ ಬರೆಯುವುದಿಲ್ಲ.

ಮನೆಗಳಿಗೆ 2023ರಿಂದ ಗೃಹಜ್ಯೋತಿ ಇದೆ, 200 ಯೂನಿಟ್‌ವರೆಗೆ ಉಚಿತ. ಅಂಗಡಿ ಮೀಟರ್‌ಗೆ ಅದು ಇಲ್ಲ. ಅಲ್ಲಿ ಓಡುವ ಒಂದೊಂದು ಯೂನಿಟ್ಟೂ ನಿಮ್ಮ ಗಲ್ಲಾದಿಂದಲೇ ಹೋಗಬೇಕು. ಅದಕ್ಕೇ ಹೇಳುವುದು, ಬಲ್ಬ್ ಬಿಡಿ, ಫ್ರಿಜ್ ಹಿಡಿಯಿರಿ.

ಒಳಗೆ ಕಂಪನಿಯ ಬಾಟಲಿ ಮಾತ್ರ ಇದ್ದರೆ ರಾತ್ರಿ ಆರಿಸಿ. ಸೋಡಾ, ಕೋಲಾ ಒಂದು ರಾತ್ರಿಗೆ ಕೆಡುವುದಿಲ್ಲ. ಬೆಳಿಗ್ಗೆ ಬೇಗ ಹಾಕಿದರೆ ಮಧ್ಯಾಹ್ನದ ಹೊತ್ತಿಗೆ ತಣ್ಣಗಿರುತ್ತದೆ. ಹಾಲು, ಮೊಸರು, ಐಸ್‌ಕ್ರೀಂ ಇದ್ದರೆ ಮಾತ್ರ ಆರಿಸಬೇಡಿ. ಬಿಸಿಲು ಬೀಳುವ ಕಡೆಯಿಂದ ಒಳಗೆ ಸರಿಸಿ, ಗೋಡೆಯಿಂದ ಒಂದು ಗೇಣು ದೂರ ಇಡಿ. ಪ್ಲಗ್ ತೆಗೆದು, ಹಿಂದಿನ ಅಥವಾ ಕೆಳಗಿನ ಜಾಲರಿಯ ಧೂಳು ಒರೆಸಿ. ಬಾಗಿಲಿಗೆ ಹತ್ತು ರೂಪಾಯಿ ನೋಟು ಸಿಕ್ಕಿಸಿ ಎಳೆಯಿರಿ, ಸಲೀಸಾಗಿ ಬಂದರೆ ರಬ್ಬರ್ ಸಡಿಲವಾಗಿದೆ, ತಂಪು ಸೋರುತ್ತಿದೆ. ರಿಪೇರಿ ಮಾಡಿಸುವುದು ಕಂಪನಿಯ ಕೆಲಸ, ಅವರಿಗೇ ಫೋನ್ ಮಾಡಿ. ಮಳೆಗಾಲದಲ್ಲಿ ವ್ಯಾಪಾರ ಬಿದ್ದರೆ ಪೂರ್ತಿ ಬಂದ್ ಮಾಡಿ.

ಮುಂದಿನ ಸಲ ಕಂಪನಿಯವರು ಆರ್ಡರ್ ಬರೆದುಕೊಳ್ಳಲು ಬಂದಾಗ ಎರಡು ಫೋಟೋ ತೋರಿಸಿ ಕೇಳಿ: "ನಿಮ್ಮ ಬೋರ್ಡಿಗೆ ನಾನು ತಿಂಗಳಿಗೆ ಇಷ್ಟು ಕಟ್ಟುತ್ತಿದ್ದೇನೆ. ನೀವೆಷ್ಟು ಕೊಡ್ತೀರಿ?" ಬಿಲ್‌ನಲ್ಲಿ ಪಾಲು ಕೊಡಲಿ, ಇಲ್ಲ ಬಾಟಲಿ ಮೇಲೆ ಮಾರ್ಜಿನ್ ಹೆಚ್ಚಿಸಲಿ, ಇಲ್ಲ ಕಡಿಮೆ ಕರೆಂಟ್ ತಿನ್ನುವ ಹೊಸ ಫ್ರಿಜ್ ತಂದಿಡಲಿ. ಒಬ್ಬರೇ ಕೇಳಿದರೆ ನಕ್ಕು ಹೋಗುತ್ತಾರೆ. ಊರಿನ ಎಲ್ಲ ಅಂಗಡಿಯವರೂ ಒಂದೇ ವಾರ ಕೇಳಿದರೆ ನಗುವುದು ಕಷ್ಟ.

ಅಲ್ಲಿಯವರೆಗೆ ಆ ಬಲ್ಬ್ ಹಾಕಿಕೊಳ್ಳಿ ಅಣ್ಣ. ನಿಮ್ಮ ಮುಖವಾದರೂ ಗಿರಾಕಿಗೆ ಕಾಣಲಿ.