ಸಹಿ ಹಾಕದಿದ್ದರೂ ತೆರೆದೇ ಇರುವ ಬಾಗಿಲು

ಪ್ರಾದೇಶಿಕ ಸಮಗ್ರ ಆರ್ಥಿಕ ಪಾಲುದಾರಿಕೆ ಒಪ್ಪಂದದಿಂದ (ಆರ್‌ಸಿಇಪಿ) ಭಾರತ 2019ರ ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಹಿಂದೆ ಸರಿದಾಗ ದೇಶದ ರೈತ ಸಂಘಟನೆಗಳು ನಿಟ್ಟುಸಿರು ಬಿಟ್ಟವು. ಉಳಿದ 15 ದೇಶಗಳು ಮರುವರ್ಷ ಸಹಿ ಹಾಕಿದವು. 2022ರ ಜನವರಿ 1ರಿಂದ ಒಪ್ಪಂದ ಜಾರಿಗೆ ಬಂತು. ಆದರೆ ಸೇರಬೇಕೇ ಬೇಡವೇ ಎಂಬ ಚರ್ಚೆ ಅಲ್ಲಿಗೆ ಮುಗಿದಿಲ್ಲ. ಭಾರತ ಈ ಒಪ್ಪಂದದಲ್ಲಿ ಇರಬೇಕೆಂದು ನೀತಿ ಆಯೋಗದ ಮುಖ್ಯ ಕಾರ್ಯನಿರ್ವಹಣಾಧಿಕಾರಿಯೇ 2024ರ ನವೆಂಬರ್‌ನಲ್ಲಿ ಅಭಿಪ್ರಾಯಪಟ್ಟರು. ಈ ಪ್ರಶ್ನೆಯನ್ನು ದೆಹಲಿಯ ವಿಚಾರ ಸಂಕಿರಣಗಳಿಂದ ನೋಡುವುದಕ್ಕಿಂತ ಭೀಮಾ ತೀರದಿಂದ ನೋಡಿದರೆ ಅದರ ನಿಜರೂಪ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ ಎಂಬುದು ನನ್ನ ನಂಬಿಕೆ.

ಅಫಜಲಪುರ ತಾಲ್ಲೂಕಿನ ಘತ್ತರಗಿಯನ್ನು ನಾಡಿನ ಜನ ಬಲ್ಲುದು ಭಾಗ್ಯವಂತಿ ದೇವಿಯ ಕ್ಷೇತ್ರವೆಂದು. ಇಲ್ಲಿ ನದಿಯ ನೀರು ಸಿಗುವ ಹೊಲಗಳಲ್ಲಿ ಕಬ್ಬು ನಿಂತಿದೆ. ನದಿಯಿಂದ ದೂರ ಸರಿದಂತೆ ಆರಂಭವಾಗುವ ಕಪ್ಪು ಎರೆ ಭೂಮಿ ಮಳೆಯನ್ನೇ ನಂಬಿದ್ದು, ಅಲ್ಲಿ ತೊಗರಿಯೇ ರೈತನ ಮುಖ್ಯ ಬೆಳೆ. ಪಕ್ಕದ ಆಳಂದ, ಜೇವರ್ಗಿ ತಾಲ್ಲೂಕುಗಳ ಕಥೆಯೂ ಇದೇ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಅದೇ ವರ್ಷ ನಾವು ಆರ್‌ಸಿಇಪಿಯಿಂದ ಹೊರಬಂದೆವು. ಎರಡೂ ಸಂಭ್ರಮದ ಸುದ್ದಿಗಳೇ. ಆದರೆ ಇವೆರಡರಿಂದ ತೊಗರಿ ಬೆಳೆಗಾರನ ಬದುಕು ಸ್ಥಿರಗೊಂಡಿತೇ?

ಕಳೆದ ದಶಕದ ಘಟನಾವಳಿ ಬೇರೆಯದನ್ನೇ ಹೇಳುತ್ತದೆ. 2015ರಲ್ಲಿ ತೊಗರಿಬೇಳೆಯ ಚಿಲ್ಲರೆ ದರ ಕಿಲೋಗೆ 200 ರೂಪಾಯಿಯ ಸಮೀಪ ತಲುಪಿದಾಗ ಸರ್ಕಾರ ಗಾಬರಿಗೊಂಡಿತು. 2016ರಲ್ಲಿ ಮೊಜಾಂಬಿಕ್‌ನೊಂದಿಗೆ ದೀರ್ಘಾವಧಿ ಆಮದಿನ ತಿಳಿವಳಿಕೆ ಪತ್ರಕ್ಕೆ ಸಹಿ ಹಾಕಿತು. ಅದೇ ಹೊತ್ತಿಗೆ ಉತ್ತಮ ದರದ ಆಸೆಯಿಂದ ನಮ್ಮ ರೈತರೂ ಹೆಚ್ಚು ಬಿತ್ತಿದರು. ದಾಖಲೆಯ ಫಸಲು ಬಂತು. ಬೆಲೆ ಆ ಸಾಲಿನ ಬೆಂಬಲ ಬೆಲೆಯಾದ 5,050 ರೂಪಾಯಿಗಿಂತ ಕೆಳಗಿಳಿಯಿತು. ಆಗ ಎಚ್ಚೆತ್ತ ಕೇಂದ್ರವು 2017ರ ಮಾರ್ಚ್‌ನಲ್ಲಿ ಶೇ 10ರಷ್ಟು ಆಮದು ಸುಂಕ ವಿಧಿಸಿತು, ಆಗಸ್ಟ್‌ನಲ್ಲಿ ಆಮದಿಗೆ ವಾರ್ಷಿಕ 2 ಲಕ್ಷ ಟನ್ ಮಿತಿ ಹೇರಿತು. 2021ರ ಮೇ ತಿಂಗಳಲ್ಲಿ ಆ ಮಿತಿಯನ್ನೂ ತೆಗೆದು ಆಮದನ್ನು ಮುಕ್ತಗೊಳಿಸಲಾಯಿತು. ಆ ಅವಧಿಯನ್ನು ಮತ್ತೆ ಮತ್ತೆ ವಿಸ್ತರಿಸಲಾಯಿತು. ಅಂಥ ಒಂದು ವಿಸ್ತರಣೆ ಪ್ರಕಟವಾದದ್ದು 2025ರ ಜನವರಿಯಲ್ಲಿ, ಕಲಬುರಗಿಯ ರೈತ ರಾಶಿ ಮುಗಿಸಿ ಮಾರುಕಟ್ಟೆಗೆ ಹೊರಟಿದ್ದ ಹೊತ್ತಿನಲ್ಲಿ. ಆಗ ದರ ಕ್ವಿಂಟಲ್‌ಗೆ 7,550 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗೆ ಕುಸಿಯಿತು. ರಾಜ್ಯ ಸರ್ಕಾರ 450 ರೂಪಾಯಿ ಪ್ರೋತ್ಸಾಹಧನ ಸೇರಿಸಿ ಖರೀದಿಗೆ ಮುಂದಾಗಬೇಕಾಯಿತು.

ಗಮನಿಸಬೇಕಾದ ಸಂಗತಿಯೆಂದರೆ, ಇದ್ಯಾವುದಕ್ಕೂ ಆರ್‌ಸಿಇಪಿಯ ಸಹಿ ಬೇಕಾಗಲಿಲ್ಲ; ಕೇಂದ್ರದ ಅಧಿಸೂಚನೆಗಳೇ ಸಾಕಾದವು. ಸಹಿ ಹಾಕದಿರುವುದರ ಲಾಭ ಒಂದೇ: ಸುಂಕ ಏರಿಸುವ, ಇಳಿಸುವ ಅಧಿಕಾರ ನಮ್ಮಲ್ಲೇ ಉಳಿಯುತ್ತದೆ. ಒಪ್ಪಂದದೊಳಗೆ ಹೋದರೆ ಒಪ್ಪಿಕೊಂಡ ಸರಕುಗಳ ಮಟ್ಟಿಗೆ ಈ ಅಧಿಕಾರ ಕುಗ್ಗುತ್ತದೆ. ಆದ್ದರಿಂದ 2019ರ ತೀರ್ಮಾನ ಸರಿಯಾದುದೇ ಎಂದು ನಾನು ಭಾವಿಸುತ್ತೇನೆ. ಆದರೆ ಬಾಗಿಲ ಕೀಲಿಕೈಯನ್ನು ನಾವೇ ಇಟ್ಟುಕೊಂಡು, ಸುಗ್ಗಿಯಲ್ಲೂ ಬಾಗಿಲನ್ನು ತೆರೆದೇ ಇಟ್ಟರೆ ಆ ಕೀಲಿಕೈಯಿಂದ ರೈತನಿಗಾದ ಉಪಕಾರವೇನು?

ಆಮದೇ ಬೇಡ ಎನ್ನುವ ವಾದವನ್ನು ನಾನು ಒಪ್ಪುವುದಿಲ್ಲ. ದೇಶದ ತೊಗರಿ ಬೇಡಿಕೆ ವರ್ಷಕ್ಕೆ ಸುಮಾರು 45 ಲಕ್ಷ ಟನ್. ಇತ್ತೀಚಿನ ವರ್ಷಗಳ ಉತ್ಪಾದನೆ 35 ಲಕ್ಷ ಟನ್ನಿನ ಆಸುಪಾಸು. ನಗರದ ಬಡವನ ತಟ್ಟೆಯಲ್ಲಿ ಬೇಳೆ ಇರಬೇಕಾದರೆ ಕೊರತೆಯಷ್ಟನ್ನು ತರಲೇಬೇಕು. ಮೇಲಾಗಿ, ನಮ್ಮ ನೀತಿಯ ಹೊಯ್ದಾಟದಿಂದ ನೊಂದವರು ನಮ್ಮವರು ಮಾತ್ರವಲ್ಲ. 2017ರ ಮಿತಿಯಿಂದ ಮೊಜಾಂಬಿಕ್, ಮಲಾವಿ, ತಾಂಜಾನಿಯಾಗಳ ಸಣ್ಣ ಬೆಳೆಗಾರರೂ ಬೆಲೆ ಕುಸಿತಕ್ಕೆ ಸಿಲುಕಿದರು. ದೋಷವಿರುವುದು ಆಮದಿನಲ್ಲಲ್ಲ, ಅದರ ಅನಿಶ್ಚಯದಲ್ಲಿ.

ಆರ್‌ಸಿಇಪಿ ಮಾತುಕತೆಯ ಕಾಲದಲ್ಲಿ ಹಾಲು ಉತ್ಪಾದಕರ ಪರವಾಗಿ ಸಹಕಾರಿ ಒಕ್ಕೂಟಗಳು ಗಟ್ಟಿಯಾಗಿ ದನಿಯೆತ್ತಿದವು. ನ್ಯೂಜಿಲೆಂಡ್‌ನ ಹಾಲಿನ ಪುಡಿಯ ಭಯ ಮನೆಮಾತಾಯಿತು. ದಿನಕ್ಕೆರಡು ಬಾರಿ ಡೇರಿಯ ಮುಂದೆ ಸೇರುವ ಉತ್ಪಾದಕರಿಗೆ ಅಂಥ ಸಂಘಟನೆ ಸಹಜ. ವರ್ಷಕ್ಕೊಮ್ಮೆ ಮಾರುಕಟ್ಟೆಗೆ ಬರುವ, ಸಾಲದ ಕಾರಣದಿಂದ ಬಂದ ದರಕ್ಕೇ ಮಾರಿ ಹೋಗುವ ಒಣಬೇಸಾಯದ ರೈತನಿಗೆ ಆ ಬಲವಿಲ್ಲ. ಕಲಬುರಗಿಯಲ್ಲಿ ತೊಗರಿ ಅಭಿವೃದ್ಧಿ ಮಂಡಳಿಯಿದೆ. ಆದರೆ ಸುಂಕದ ತೀರ್ಮಾನ ದೆಹಲಿಯದು.

ಹೀಗಾಗಿ ಮಾಡಬೇಕಾದ ಕೆಲಸಗಳು ಮೂರು. ಮೊದಲನೆಯದಾಗಿ, ಆ ವರ್ಷದ ಆಮದು ನೀತಿಯನ್ನು ಜೂನ್ ಬಿತ್ತನೆಗೆ ಮುನ್ನವೇ ಪ್ರಕಟಿಸಿ, ಫಸಲು ಮಾರಾಟವಾಗುವವರೆಗೆ ಬದಲಿಸಬಾರದು. ಎರಡನೆಯದಾಗಿ, ಮಾರುಕಟ್ಟೆ ದರ ಬೆಂಬಲ ಬೆಲೆಗಿಂತ ಕೆಳಗಿಳಿದರೆ ಸುಂಕ ತಾನಾಗಿಯೇ ಜಾರಿಗೆ ಬರುವ ನಿಯಮವನ್ನು ಮೊದಲೇ ಘೋಷಿಸಿ, ಆ ವರ್ಷದ ನೀತಿಯ ಭಾಗವಾಗಿಸಬೇಕು. ದರ ಚೇತರಿಸಿದಾಗ ಸುಂಕ ತಾನಾಗಿಯೇ ಇಳಿಯಲಿ. ಮೂರನೆಯದಾಗಿ, ಖರೀದಿ ಕೇಂದ್ರಗಳು ರಾಶಿಯ ಹೊತ್ತಿಗೇ ತೆರೆಯಬೇಕು. ರೈತ ಮಾರಿದ ಮೇಲೆ ತೆರೆದ ಕೇಂದ್ರದಿಂದ ಲಾಭವಾಗುವುದು ದಾಸ್ತಾನುಗಾರನಿಗೆ. ಈ ಮೂರೂ ಸಾಧ್ಯವಾದರೆ, ಮುಂದೊಂದು ದಿನ ಯಾವುದೇ ಪ್ರಾದೇಶಿಕ ಒಪ್ಪಂದದ ಮೇಜಿನ ಮುಂದೆ ಕುಳಿತಾಗ ತೊಗರಿಗಾಗಿ ಏನನ್ನು ಕಾಪಾಡಿಕೊಳ್ಳಬೇಕೆಂಬುದು ನಮ್ಮ ಪ್ರತಿನಿಧಿಗಳಿಗೆ ಖಚಿತವಾಗಿ ತಿಳಿದಿರುತ್ತದೆ. ಇವಾವುದೂ ಇಲ್ಲದೆ ಒಪ್ಪಂದಕ್ಕೆ ಸೇರಿದರೂ, ಹೊರಗುಳಿದರೂ ಘತ್ತರಗಿಯ ರೈತನ ಪಾಲಿಗೆ ವ್ಯತ್ಯಾಸ ಅಲ್ಪವೇ.